ಸಲಹೆ ಕೊಟ್ಟೆ, ಎದುರುಮನೆ ಅಕ್ಕ ಮಾತು ಬಿಟ್ಟರು

ಪ್ರಶ್ನೆ: 3 ವರ್ಷದ ಹಿಂದೆ ನಮ್ಮ ಡ್ಯಾಶ್‌ಹೌಂಡ್‌ಗೆ ಬೆನ್ನಿನ ಡಿಸ್ಕ್ ಜಾರಿ ಹಿಂಗಾಲು ಎರಡೂ ಬಿದ್ದುಹೋಗಿದ್ದವು. ಮರುದಿನವೇ ಆಪರೇಷನ್ ಮಾಡಿಸಿ, 6 ವಾರ ಪಂಜರದಲ್ಲಿಟ್ಟು ನೋಡಿಕೊಂಡೆವು. ಈಗ ಓಲಾಡಿಕೊಂಡಾದರೂ ನಡೆಯುತ್ತಾನೆ. ಎದುರುಮನೆ ಅಕ್ಕನ ಜರ್ಮನ್ ಶೆಫರ್ಡ್‌ಗೆ 10 ವರ್ಷ. ಕೆಲವು ತಿಂಗಳಿಂದ ಹಿಂಗಾಲು ಎಳೆಯುತ್ತಿದೆ. ಡಾಕ್ಟರು ‘ಡಿಜೆನರೇಟಿವ್ ಮೈಲೋಪತಿ ಇರಬಹುದು’ ಅಂದಿದ್ದಾರಂತೆ. ನಾನು, ‘ಮೊದಲೇ ಆಪರೇಷನ್ ಮಾಡಿಸಬೇಕಿತ್ತು, ಈಗಲಾದರೂ ಓಡಾಡಿಸಬೇಡಿ, ಪಂಜರದಲ್ಲಿಡಿ’ ಅಂದೆ. ಅವರ ಕಣ್ಣಲ್ಲಿ ನೀರು ಬಂತು. ಅವತ್ತಿಂದ ನನ್ನನ್ನು ಕಂಡರೆ ಗೇಟು ಹಾಕಿಕೊಂಡು ಒಳಗೆ ಹೋಗುತ್ತಾರೆ. ಒಳ್ಳೆಯದಕ್ಕೇ ಹೇಳಿದ್ದು ಅಲ್ವಾ? ಅಟ್ಟದ ಮೇಲೆ ನಮ್ಮ ನಾಯಿಯ ಗಾಲಿ ಗಾಡಿ (ಹಿಂಗಾಲಿಗೆ ಆಸರೆಯಾಗಿ ಕಟ್ಟುವಂಥದ್ದು) ಇದೆ. ಅದನ್ನು ಕೊಟ್ಟರೆ ಸರಿಹೋಗಬಹುದಾ?
— ಓದುಗರೊಬ್ಬರು, ಮೈಸೂರು

ಪಶುವೈದ್ಯರ ಉತ್ತರ: ಒಳ್ಳೆಯದಕ್ಕೇ ಹೇಳಿದ್ದೀರಿ. ಆದರೆ ನೀವು ಹೇಳಿದ ಧಾಟಿಯಷ್ಟೇ ಅಲ್ಲ, ವಿಷಯವೂ ತಪ್ಪಾಗಿತ್ತು.

ನೋಡುವವರಿಗೆ ಎರಡೂ ನಾಯಿಗಳದ್ದು ಒಂದೇ ಕಾಯಿಲೆ. ಒಳಗೆ ಹಾಗಿಲ್ಲ. ನಿಮ್ಮ ನಾಯಿಯಲ್ಲಿ ಡಿಸ್ಕ್ ಹೊರಬಂದು ಬೆನ್ನುಹುರಿಯನ್ನು ಒತ್ತಿತ್ತು. ಅದರಲ್ಲಿ ನೋವು ಜಾಸ್ತಿ. ಬೆಳಗಾಗುವುದರೊಳಗೆ ಕಾಲು ಹೋಗಬಹುದು. ಒತ್ತಡ ಬೇಗ ತೆಗೆದರೆ ಕಾಲು ಮರಳುವ ಆಸೆ ಇರುತ್ತದೆ. ಆಮೇಲೆ ವಿಶ್ರಾಂತಿ ಬೇಕೇ ಬೇಕು.

ಅಕ್ಕನ ನಾಯಿಗೆ ಡಾಕ್ಟರು ಅಂದುಕೊಂಡಿರುವ ಕಾಯಿಲೆಯೇ ಇದ್ದರೆ, ಅಲ್ಲಿ ಬೆನ್ನುಹುರಿಯೇ ನಿಧಾನವಾಗಿ ಸವೆಯುತ್ತಿದೆ. ಸಾಮಾನ್ಯವಾಗಿ 8 ವರ್ಷ ದಾಟಿದ ಮೇಲೆ ಶುರುವಾಗುತ್ತದೆ. ನೋವಿರುವುದಿಲ್ಲ. ಆಪರೇಷನ್ ಇಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ನಡೆಸುವುದೇ ಅದಕ್ಕೆ ಆಸರೆ. ಪಂಜರದಲ್ಲಿ ಕೂಡಿಹಾಕಿದರೆ ಇರುವ ಸ್ನಾಯುವೂ ಕರಗುತ್ತದೆ. ನಿಮ್ಮ ನಾಯಿಯನ್ನು ಉಳಿಸಿದ ಕ್ರಮವೇ ಅವರ ನಾಯಿಗೆ ತೊಂದರೆ.

ಇನ್ನೊಂದು ಮಾತು. ನಾಯಿ ಬದುಕಿರುವಾಗ ಈ ಕಾಯಿಲೆಯನ್ನು ನೂರಕ್ಕೆ ನೂರು ಖಚಿತಪಡಿಸಲು ಆಗುವುದಿಲ್ಲ. ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಬರಬೇಕು. ಡಾಕ್ಟರು ‘ಇರಬಹುದು’ ಅಂದಿದ್ದು ಅದಕ್ಕೇ. ಆ ‘ಇರಬಹುದು’ ಇಟ್ಟುಕೊಂಡೇ ಅಕ್ಕ ರಾತ್ರಿ ಕಳೆಯುತ್ತಿದ್ದಾರೆ. ಅದರ ಮೇಲೆ ನಿಮ್ಮ ‘ಮೊದಲೇ’ ಬಿತ್ತು. ಆ ಪದ ಯಾವ ನಾಯಿಗೂ ಉಪಯೋಗಕ್ಕೆ ಬರುವುದಿಲ್ಲ. ನಾನೂ ಹೊಸದರಲ್ಲಿ ಇದೇ ಮಾತು ಆಡಿ ಒಬ್ಬರನ್ನು ಅಳಿಸಿದ್ದೇನೆ, ಅದೂ ಕ್ಲಿನಿಕ್‌ನಲ್ಲೇ.

ಹೋಗಿ, ‘ನನಗೆ ಗೊತ್ತಿಲ್ಲದೆ ಹೇಳಿಬಿಟ್ಟೆ ಅಕ್ಕ, ತಪ್ಪಾಯ್ತು’ ಅನ್ನಿ. ವಿವರಣೆ ಬೇಡ. ಆಮೇಲೆ ಕೇಳಿ: ‘ಅವನನ್ನು ಎತ್ತೋಕೆ ಕಷ್ಟ ಆಗ್ತಿದೆಯಾ?’ ನಿಮ್ಮದು ಕಂಕುಳಲ್ಲಿ ಎತ್ತಿಕೊಳ್ಳುವಂಥ ನಾಯಿ. ಶೆಫರ್ಡ್ 30 ಕೆ.ಜಿ. ದಾಟುವುದು ಮಾಮೂಲು. ಹಳೆಯ ಟವೆಲ್ ಅನ್ನು ಹೊಟ್ಟೆಯಡಿ ತೂರಿಸಿ ಸೊಂಟ ಎತ್ತಿ ನಡೆಸುವುದು ನಿಮಗೆ ಅಭ್ಯಾಸವಿರುತ್ತದೆ. ಒಂದು ತುದಿ ನೀವೇ ಹಿಡಿಯಿರಿ.

ಅವರೇ ಕೇಳಿದರೆ ನಿಮ್ಮ ಹತ್ತಿರ ಹೇಳುವುದು ಬೇಕಾದಷ್ಟಿದೆ. ಗ್ರಾನೈಟ್ ನೆಲ ಜಾರದಂತೆ ಯೋಗ ಮ್ಯಾಟ್ ಹಾಸುವುದು, ಪಾದ ಮಡಚಿ ಉಜ್ಜಿ ಗಾಯವಾಗದಂತೆ ನೋಡುವುದು, ಮಗ್ಗುಲು ಬದಲಿಸುವುದು. ‘ನಮ್ಮ ನಾಯಿಗೆ ಇದು ಆಯ್ತು, ನಿಮ್ಮ ಡಾಕ್ಟರನ್ನು ಒಂದು ಸಲ ಕೇಳಿ’ ಅಂತ ಸೇರಿಸಿ. ‘ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸುವ’ ಮಾತನ್ನು ಮಾತ್ರ ಅವರಾಗಿ ಎತ್ತುವ ತನಕ ನೀವು ಎತ್ತಬೇಡಿ.

ಕೇಳಲಿ ಅಂತ ಕಾಯಬಾರದ ಸಂಗತಿಗಳೂ ಇವೆ. ಮನೆಯಲ್ಲಿರುವ ಐಬುಪ್ರೊಫೇನ್ ಎಂಬ ನೋವಿನ ಮಾತ್ರೆಯನ್ನು ನಾಯಿಗೆ ಕೊಡುತ್ತಿದ್ದರೆ ತಕ್ಷಣ ತಡೆಯಿರಿ. ಹೊಟ್ಟೆ ಹುಣ್ಣಾಗುತ್ತದೆ, ಕಿಡ್ನಿ ಹೋಗುತ್ತದೆ. ಇಡೀ ದಿನ ಉಚ್ಚೆ ಹೋಗಿಲ್ಲ, ಗಾಯದಲ್ಲಿ ಹುಳ ಬಿದ್ದಿದೆ ಅಂದರೂ ಅಷ್ಟೇ. ಆಗಲೂ ‘ಯಾಕೆ ಹೀಗೆ ಮಾಡಿದ್ರಿ’ ಬೇಡ. ‘ಡಾಕ್ಟರಿಗೆ ಈಗಲೇ ಫೋನ್ ಮಾಡೋಣ, ನಾನೂ ಬರ್ತೀನಿ’ ಅನ್ನಿ.

ಇನ್ನು ಗಾಲಿ ಗಾಡಿ. ಅದನ್ನು ನಾಯಿಯ ಅಳತೆಗೇ ಮಾಡಿರುತ್ತಾರೆ. ನಿಮ್ಮ ಪುಟಾಣಿಯ ಗಾಡಿಗೆ ಶೆಫರ್ಡ್‌ನ ಒಂದು ಕಾಲೂ ಹೊಂದುವುದಿಲ್ಲ. ಅದು ಅಟ್ಟದಲ್ಲೇ ಇರಲಿ. ಮಾಡಿಕೊಟ್ಟವರ ಫೋನ್ ನಂಬರ್ ಹುಡುಕಿಟ್ಟುಕೊಳ್ಳಿ. ಅಕ್ಕ ಕೇಳಿದ ದಿನ ಕೊಟ್ಟರಾಯಿತು.