ಮರದ ಉಂಗುರ ಎರಡು ಹೋಳಾಗುವುದು ಯಾಕೆ, ಕೂರಿಸಿದ ಕಲ್ಲು ಉದುರುವುದು ಯಾಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮನೆಯಲ್ಲಿ ಸಣ್ಣ ಲೇತ್ (ಮರ ತಿರುಗಿಸಿ ಕಡೆಯುವ ಯಂತ್ರ) ಇದೆ, ಅಜ್ಜಿಯ ಹಳೆಯ ಪೆಟ್ಟಿಗೆಯ ಒಂದು ಹಲಗೆ ಉಳಿದಿದೆ, ಅದರಲ್ಲಿ ತಂಗಿಗೊಂದು ಉಂಗುರ ಮಾಡಬೇಕು, ಸುತ್ತ ನೀಲಿ ಕಲ್ಲಿನ ಪಟ್ಟಿ ಕೂರಿಸಬೇಕು. ಮೂರು ಮಾಡಿ ನೋಡಿದಿರಿ. ಎರಡು ಬೆರಳಿಗೆ ಹಾಕುವಾಗಲೇ ಸರಿಯಾಗಿ ಎರಡು ಹೋಳಾದವು. ಮೂರನೆಯದು ಉಳಿಯಿತು, ಆದರೆ ಕಲ್ಲಿನ ಪುಡಿ ಚಕ್ಕೆಯಂತೆ ಎದ್ದು ಬಂತು. ತಪ್ಪು ಕೈಯದಾ, ಉಳಿಯದಾ, ಅಂಟಿನದಾ ಎಂದು ಕೇಳಿದ್ದೀರಿ.

ಕೈಯದೂ ಅಲ್ಲ, ಉಳಿಯದೂ ಅಲ್ಲ. ಹೋಳಾಗಿದ್ದು ಮರದ ಎಳೆಯಿಂದ, ಅಂದರೆ ಅದರ ನಾರು ಓಡುವ ದಿಕ್ಕಿನಿಂದ. ಕಲ್ಲು ಉದುರಿದ್ದು ಅಂಟು ಕೆಳಗಿನ ತನಕ ಇಳಿಯದೆ ಇದ್ದದ್ದರಿಂದ. ಎರಡನ್ನೂ ಸರಿಮಾಡಬಹುದು, ಆದರೆ ಮೊದಲನೆಯದಕ್ಕೆ ನೀವು ಉಂಗುರ ಮಾಡುವ ರೀತಿಯನ್ನೇ ಬದಲಾಯಿಸಬೇಕಾಗುತ್ತದೆ.

ಮುರಿದ ಎರಡು ಹೋಳುಗಳನ್ನು ಇನ್ನೂ ಎಸೆದಿಲ್ಲ ಅಂದುಕೊಳ್ಳುತ್ತೇನೆ. ಜೋಡಿಸಿ ಹಿಡಿದು ನೋಡಿ. ಬಿರುಕು ಬಿಟ್ಟ ಜಾಗಗಳು ಎದುರುಬದುರು ಇರುತ್ತವೆ, ಮತ್ತು ಎರಡು ಕಡೆಯೂ ಎಳೆ ಉಂಗುರದ ಒಳಗಿನಿಂದ ಹೊರಗೆ ಅಡ್ಡ ಓಡಿರುತ್ತದೆ. ಹಲಗೆಯನ್ನು ಮಲಗಿಸಿ ತೂತು ಕೊರೆದು ಉಂಗುರ ತೆಗೆದರೆ ಹೀಗೇ ಆಗುವುದು. ಎಳೆ ಒಂದೇ ದಿಕ್ಕಿಗೆ ನೇರ ಹೋಗುತ್ತದೆ, ಉಂಗುರ ದುಂಡಗೆ ಸುತ್ತುತ್ತದೆ. ಎರಡು ಕಡೆ ಎಳೆಯೂ ಉಂಗುರವೂ ಜೊತೆಯಲ್ಲಿ ಹೋಗುತ್ತವೆ, ಅಲ್ಲಿ ಗಟ್ಟಿ. ಉಳಿದ ಎರಡು ಕಡೆ ಎಳೆಯ ಉದ್ದ ಎಂದರೆ ಉಂಗುರದ ದಪ್ಪ ಮಾತ್ರ, ಎರಡೂವರೆ ಮಿಲಿಮೀಟರ್. ಅದರಲ್ಲೂ ನೀವು ಕಲ್ಲಿಗಾಗಿ 1.5 ಮಿ.ಮೀ. ಆಳದ ಗ್ರೂವ್ (ಸುತ್ತ ಓಡುವ ತೋಡು) ತೆಗೆದಿದ್ದೀರಿ. ಉಳಿದದ್ದು 1 ಮಿ.ಮೀ. ಬೆರಳಿನ ಗೆಣ್ಣು ದಾಟುವಾಗ ಉಂಗುರ ಸ್ವಲ್ಪ ಹಿಗ್ಗಲು ನೋಡುತ್ತದೆ, ಆ ಎರಡು ಜಾಗ ಬಾಯಿ ಬಿಡುತ್ತವೆ.

ಹಾಗಾದರೆ ಕೋಲಿನ ತುದಿಯಿಂದ ಉದ್ದಕ್ಕೆ ಕೊರೆದರೆ? ಅದು ಇನ್ನೂ ಕೆಟ್ಟದ್ದು. ಆಗ ಸುತ್ತಲೂ ಎಲ್ಲಿ ಬೇಕಾದರೂ ಸೀಳಬಹುದು, ಸೌದೆ ಸೀಳಿದ ಹಾಗೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಎಂದರೆ ಮರವನ್ನು ಕೊರೆಯದೆ ಸುತ್ತುವುದು. ತೆಳು ವಿನೀರ್ (ಹಾಳೆಯಂತೆ ಕೊಯ್ದ ಮರ) ಪಟ್ಟಿಯನ್ನು ಬಿಸಿನೀರಿನಲ್ಲಿ ಮೆದುಮಾಡಿ ಒಂದು ಕಡ್ಡಿಗೆ ಸುರುಳಿ ಸುತ್ತಿ, ಅಂಟು ಹಾಕಿ ಗಟ್ಟಿಮಾಡುವುದು. ಆಗ ಎಳೆ ಉಂಗುರದ ಜೊತೆಗೇ ಸುತ್ತ ಓಡುತ್ತದೆ, ದುರ್ಬಲ ಜಾಗ ಅಂತ ಒಂದೂ ಉಳಿಯುವುದಿಲ್ಲ. ಲೇತ್ ಕೆಲಸ ಆಮೇಲೂ ಇದೆ: ಗ್ರೂವ್ ತೆಗೆಯುವುದು, ಆಕಾರ ಕೊಡುವುದು, ಹೊಳಪು ಬರಿಸುವುದು ಎಲ್ಲಾ ಅದರಲ್ಲೇ.

ಲೆಕ್ಕ ಹೇಳುತ್ತೇನೆ. ಒಳ ಅಳತೆ 18 ಮಿ.ಮೀ. ಅಂದುಕೊಳ್ಳಿ, ವಿನೀರ್ ದಪ್ಪ 0.6 ಮಿ.ಮೀ. ನಾಲ್ಕು ಸುತ್ತು ಬಂದರೆ ಗೋಡೆ 2.4 ಮಿ.ಮೀ. ಆಗುತ್ತದೆ, ಅದಕ್ಕೆ ಸುಮಾರು 26 ಸೆಂ.ಮೀ. ಪಟ್ಟಿ ಬೇಕು. 28 ಸೆಂ.ಮೀ. ಕತ್ತರಿಸಿಕೊಳ್ಳಿ, ಎಳೆ ಪಟ್ಟಿಯ ಉದ್ದಕ್ಕೇ ಇರಬೇಕು. ಅಗಲ 10 ಮಿ.ಮೀ. ಇರಲಿ, ಕೊನೆಗೆ 7 ಅಥವಾ 8ಕ್ಕೆ ಇಳಿಸಬಹುದು. ಎರಡೂ ತುದಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ ಕಾಗದದಷ್ಟು ತೆಳು ಮಾಡಿ. ಇಲ್ಲದಿದ್ದರೆ ಒಳಗಡೆ ಒಂದು ಮೆಟ್ಟಿಲು ಉಳಿದು ಬೆರಳಿಗೆ ಒತ್ತುತ್ತದೆ.

ಕುದಿಯುವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ನೆನೆಸಿ, ಇನ್ನೂ ಬಿಸಿ ಇರುವಾಗಲೇ ಸುತ್ತಬೇಕು. ಅವಸರ ಬೇಡ. ಬೆರಳಿನ ಕೆಳಗೆ ಪಟ್ಟಿ ಎಲ್ಲಿ ಬಾಗಲು ಒಪ್ಪುತ್ತಿಲ್ಲ ಎಂದು ಗೊತ್ತಾಗುತ್ತದೆ, ಒಂದು ಸಣ್ಣ ಬಿಗಿತ, ಅಲ್ಲಿ ಒಂದು ಕ್ಷಣ ನಿಲ್ಲಿಸಿ ಮತ್ತೆ ನೀರಿಗೆ ಅದ್ದಿ ಮುಂದುವರಿದರೆ ಹೊರಮೈಯಲ್ಲಿ ಕೂದಲೆಳೆಯ ಬಿರುಕೂ ಬರುವುದಿಲ್ಲ. ಸುತ್ತಿದ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಮರುದಿನ ಸುರುಳಿ ಬಿಚ್ಚಿ, 18 ಮಿ.ಮೀ. ಕಡ್ಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ (ಉಂಗುರ ಕಡ್ಡಿಗೆ ಅಂಟಿಕೊಳ್ಳಬಾರದು ಅಲ್ವಾ), ಪಟ್ಟಿಯನ್ನು ಮತ್ತೆ ಬಿಗಿಯಾಗಿ ಸುತ್ತುತ್ತಾ ನಡುವೆ ಸೂಪರ್‌ಗ್ಲೂ ಬಿಡುತ್ತಾ ಹೋಗಿ. ಹಸಿ ಇರುವಾಗ ಅಂಟು ಹಾಕಬೇಡಿ, ಈ ಅಂಟಿಗೆ ಗಟ್ಟಿಯಾಗಲು ತೇವ ಬೇಕು ನಿಜ, ಆದರೆ ಜಾಸ್ತಿ ತೇವ ಸಿಕ್ಕರೆ ಬೆಳ್ಳಗೆ ನೊರೆಬಂದು ಕೂರುತ್ತದೆ.

ಲೇತ್‌ಗೆ ಹಿಡಿಸುವ ವಿಷಯದಲ್ಲಿ ಒಂದು ಮಾತು. ಒಳಗಿನಿಂದ ಹಿಗ್ಗಿ ಹಿಡಿಯುವ ಮ್ಯಾಂಡ್ರೆಲ್ ಬಳಸುತ್ತೇನೆ ಎಂದಿದ್ದೀರಿ. ನಾನೂ ಮೊದಲು ಅದನ್ನೇ ಬಳಸುತ್ತಿದ್ದೆ. ಒಮ್ಮೆ ಗ್ರೂವ್, ಕಲ್ಲು, ಹೊಳಪು ಎಲ್ಲಾ ಮುಗಿದಿದ್ದ ಉಂಗುರವನ್ನು ಅಂಚು ಸ್ವಲ್ಪ ಉಜ್ಜೋಣ ಎಂದು ಮತ್ತೆ ಏರಿಸಿ ನಟ್ಟನ್ನು ಕಾಲು ಸುತ್ತು ಜಾಸ್ತಿ ತಿರುಗಿಸಿದೆ. ಟಕ್ ಎಂದು ಒಂದು ಶಬ್ದ, ಅಷ್ಟೆ. ಮೂರು ಸಂಜೆಗಳ ಕೆಲಸ. ಅಂದಿನಿಂದ ಒಂದು ಬೇಡದ ಮರದ ತುಂಡನ್ನೇ ಲೇತ್‌ನ ಚಕ್‌ಗೆ (ಮರ ಕಚ್ಚಿ ಹಿಡಿಯುವ ಭಾಗಕ್ಕೆ) ಹಾಕಿ, ತುದಿಯನ್ನು ಸ್ವಲ್ಪ ಚೂಪಾಗಿ ಇಳಿಜಾರು ಕಡೆದು, ಉಂಗುರವನ್ನು ಕೈಯಿಂದಲೇ ಅದರ ಮೇಲೆ ತಳ್ಳಿ ಕೂರಿಸುತ್ತೇನೆ. ಸಡಿಲ ಎನಿಸಿದರೆ ಮರಕ್ಕೆ ಒಂದು ಸುತ್ತು ಮಾಸ್ಕಿಂಗ್ ಟೇಪ್. ಉಂಗುರದ ಮೇಲೆ ಎಷ್ಟು ಒತ್ತಡ ಬೀಳುತ್ತಿದೆ ಎಂದು ಕೈಗೇ ಗೊತ್ತಾಗುತ್ತದೆ.

ಗ್ರೂವ್ ಆಳ 1 ಮಿ.ಮೀ. ಸಾಕು. ಅದಕ್ಕಿಂತ ಆಳ ಹೋದರೆ ಕಲ್ಲು ಹೆಚ್ಚು ಚೆನ್ನಾಗಿ ಕಾಣುವುದಿಲ್ಲ, ಉಂಗುರ ಮಾತ್ರ ಸೋಲುತ್ತದೆ. ಅಗಲ 2ರಿಂದ 3 ಮಿ.ಮೀ. ಮೊದಲು ಎರಡೂ ಅಂಚಿನ ಗೆರೆಗಳನ್ನು ಚೂಪು ಚಾಕುವಿನ ಮೊನೆಯಿಂದ ತಿರುಗುವಾಗಲೇ ಗುರುತು ಮಾಡಿ, ಆಮೇಲೆ ಕಿರಿದಾದ ಪಾರ್ಟಿಂಗ್ ಉಳಿಯನ್ನು (ನೇರ ಒಳಗಿಳಿದು ಕತ್ತರಿಸುವ ಉಳಿ) ಆ ಗೆರೆಗಳ ನಡುವೆ ಇಳಿಸಿ. ವೇಗ ನಿಮಿಷಕ್ಕೆ 1500ರಿಂದ 2000 ಸುತ್ತು. ಉಂಗುರ ಇಷ್ಟು ಸಣ್ಣದಿರುವುದರಿಂದ ಆ ವೇಗದಲ್ಲೂ ಮೇಲ್ಮೈ ನಿಧಾನವಾಗಿಯೇ ಓಡುತ್ತದೆ, ಹೆದರಬೇಡಿ.

ಈಗ ಇನ್‌ಲೇ, ಅಂದರೆ ಗ್ರೂವ್‌ಗೆ ಕಲ್ಲು ತುಂಬುವುದು. ನಿಮ್ಮ ಉತ್ತರ ಇರುವುದು ಇಲ್ಲೇ.

ಉದುರಿದ ಚಕ್ಕೆಯ ಹಿಂಬದಿಯನ್ನು ಉಗುರಿನಿಂದ ಕೆರೆದು ನೋಡಿ. ಒಣ ಪುಡಿ ಉದುರುತ್ತದಾ? ನನಗೆ ಹೀಗೇ ಆಗಿತ್ತು. ಮೇಲೆ ಗಾಜಿನಂಥ ಸಿಪ್ಪೆ, ಕೆಳಗೆ ಹಿಟ್ಟಿನ ಹಾಗೆ ಒಣಗಿದ ನೀಲಿ ಪುಡಿ, ಅಂಟಿನ ಹನಿಯೂ ತಾಗಿರಲಿಲ್ಲ. ಕಾರಣ ಸರಳ. ಕಲ್ಲನ್ನು ತೀರಾ ನುಣ್ಣಗೆ ಕುಟ್ಟಿ ಗ್ರೂವ್‌ಗೆ ಒತ್ತಿ ತುಂಬಿದರೆ ಅಂಟು ಇಳಿಯಲು ದಾರಿಯೇ ಇರುವುದಿಲ್ಲ. ಅದರ ಮೇಲೆ ಬೇಗ ಗಟ್ಟಿಯಾಗಲಿ ಎಂದು ಆಕ್ಸಿಲರೇಟರ್ ಸ್ಪ್ರೇ ಹೊಡೆದರೆ ಮೇಲಿನ ಪದರ ಆ ಕ್ಷಣಕ್ಕೇ ಮುಚ್ಚಿಕೊಳ್ಳುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ನೀವು ಸ್ಪ್ರೇ ಹೊಡೆದಿದ್ದೆ ಎಂದು ಬರೆದಿದ್ದೀರಿ. ಬಿಟ್ಟುಬಿಡಿ, ಕನಿಷ್ಠ ಕೊನೆಯ ಪದರದ ತನಕ.

ಕುಟ್ಟಿದ ಕಲ್ಲನ್ನು ಜರಡಿಯಲ್ಲಿ ಎರಡು ಭಾಗ ಮಾಡಿಕೊಳ್ಳಿ. ಸುಮಾರು ಸಕ್ಕರೆ ಹರಳಿನ ಗಾತ್ರದ್ದು ಒಂದು, ಸಣ್ಣ ಪುಡಿ ಇನ್ನೊಂದು. ಗ್ರೂವ್‌ಗೆ ಮೊದಲು ಹರಳುಗಳನ್ನು ಹಾಕಿ. ಅವುಗಳ ನಡುವೆ ಸಂದು ಇರುತ್ತದೆ, ನೀರಿನಷ್ಟು ತೆಳುವಾದ ಸೂಪರ್‌ಗ್ಲೂ ಒಂದು ಹನಿ ಬಿಟ್ಟರೆ ತಾನೇ ಎಳೆದುಕೊಂಡು ತಳಕ್ಕೆ ಹೋಗುತ್ತದೆ. ಕಲ್ಲಿನ ಬಣ್ಣ ಒಮ್ಮೆಲೇ ಗಾಢವಾಗುವುದು ಕಣ್ಣಿಗೇ ಕಾಣುತ್ತದೆ, ಒಣ ನೆಲಕ್ಕೆ ಮೊದಲ ಮಳೆ ಬಿದ್ದ ಹಾಗೆ. ಬಣ್ಣ ಬದಲಾಗದ ಜಾಗ ಇದ್ದರೆ ಅಲ್ಲಿಗೆ ಅಂಟು ಹೋಗಿಲ್ಲ ಎಂದೇ ಅರ್ಥ. ಅದಾದ ಮೇಲೆ ಸಣ್ಣ ಪುಡಿಯನ್ನು ಸಂದುಗಳಿಗೆ ಉದುರಿಸಿ ಮತ್ತೆ ಒಂದು ಹನಿ. ಒಂದು ಸಲಕ್ಕೆ ಮೇಲ್ಗಡೆ ಇರುವ ಕಾಲು ಭಾಗ ಮಾತ್ರ ತುಂಬಿ, ಗಟ್ಟಿಯಾದ ಮೇಲೆ ಉಂಗುರ ತಿರುಗಿಸಿ ಮುಂದಿನದು. ಕೊನೆಗೆ ಮರದ ಮಟ್ಟಕ್ಕಿಂತ ಸ್ವಲ್ಪ ಉಬ್ಬಿರಲಿ.

ತುಂಬುವ ಮೊದಲು ಮರೆಯಬಾರದ ಒಂದು ಕೆಲಸ ಇದೆ. ಖಾಲಿ ಗ್ರೂವ್‌ನ ತಳ, ಗೋಡೆ, ಅಕ್ಕಪಕ್ಕದ ಮರಕ್ಕೆಲ್ಲ ತೆಳು ಸೂಪರ್‌ಗ್ಲೂ ಎರಡು ಸಲ ಸವರಿ ಒಣಗಿಸಿ. ಇಲ್ಲದಿದ್ದರೆ ಉಜ್ಜುವಾಗ ಏಳುವ ಬಣ್ಣದ ಪುಡಿ ಮರದ ರಂಧ್ರಗಳಿಗೆ ಹೊಕ್ಕು ಕೊಳೆಯಂತೆ ನಿಲ್ಲುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಹಿತ್ತಾಳೆ ಪುಡಿ ಬಳಸಿದರಂತೂ ಕಪ್ಪು ಕಲೆ ಖಂಡಿತ. ನಿಮ್ಮ ಹಲಗೆ ಬೀಟೆ ಇರಬಹುದು ಎಂದಿದ್ದೀರಿ. ಬೀಟೆ, ತೇಗದಂಥ ಮರಗಳಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಾಕುವ ಮುಂಚೆ ಅಸಿಟೋನ್‌ನಲ್ಲಿ ಒಮ್ಮೆ ಒರೆಸಿ.

ಉಬ್ಬಿದ ಕಲ್ಲನ್ನು ಮಟ್ಟ ಮಾಡಲು ಉಳಿ ಬೇಡ. ಬಾಯಿ ಮೊಂಡಾಗುತ್ತದೆ, ಹರಳುಗಳು ಕಿತ್ತು ಬರುತ್ತವೆ. ಉಪ್ಪುಕಾಗದವೇ ಸಾಕು, 150ನೇ ನಂಬರಿನದರಿಂದ ಶುರು ಮಾಡಿ. ಆದರೆ ಕಾಗದವನ್ನು ಬೆರಳಿನಿಂದ ಒತ್ತಬೇಡಿ, ಒಂದು ಚಪ್ಪಟೆ ಮರದ ಪಟ್ಟಿಗೆ ಅಂಟಿಸಿ ಉಜ್ಜಿ. ಬೆರಳು ಮೆತ್ತಗೆ, ಮರವೂ ಕಲ್ಲಿಗಿಂತ ಮೆತ್ತಗೆ, ಹಾಗಾಗಿ ಮರ ಬೇಗ ಸವೆದು ಕಲ್ಲಿನ ಪಟ್ಟಿ ದಿಬ್ಬದಂತೆ ನಿಲ್ಲುತ್ತದೆ. ಮೊದಲ ಸಲಕ್ಕೆ ಮೆತ್ತನೆಯ ಕಲ್ಲು ಆರಿಸಿಕೊಳ್ಳಿ. ಕಲ್ಲಿನ ಗಡಸುತನ ಹೇಳುವ ಮೋಸ್ ಅಳತೆಯಲ್ಲಿ ಫಿರೋಜಾ ಕಲ್ಲು 5ರಿಂದ 6, ಮ್ಯಾಲಕೈಟ್ 3.5ರಿಂದ 4, ಸ್ಫಟಿಕ 7. ಸ್ಫಟಿಕದ ಜಾತಿಯ ಕಲ್ಲಿಗೆ ಕೈಹಾಕಿದರೆ ಉಜ್ಜುವುದರಲ್ಲೇ ದಿನ ಕಳೆಯುತ್ತದೆ. ಮಟ್ಟವಾಗುತ್ತಾ ಹೋದಂತೆ ಸೂಜಿ ಮೊನೆಯಷ್ಟು ತೂತುಗಳು ತೆರೆದುಕೊಳ್ಳುತ್ತವೆ. ಪ್ರತಿ ಸಲವೂ ಆಗುತ್ತದೆ, ಅದೇ ಪುಡಿ, ಒಂದು ಹನಿ ಅಂಟು, ಮತ್ತೆ ಉಜ್ಜುವುದು. ನಡುನಡುವೆ ಉಂಗುರ ಮುಟ್ಟಿ ನೋಡಿ, ಬಿಸಿಯಾದರೆ ನಿಲ್ಲಿಸಿ. ಬಿಸಿಗೆ ಈ ಅಂಟು ಮೆದುವಾಗುತ್ತದೆ.

ಮ್ಯಾಲಕೈಟ್ ತಾಮ್ರದ ಖನಿಜ, ಅದರ ಧೂಳು ವಿಷ. ಕಲ್ಲಿನ ಬದಲು ಚಿಪ್ಪು ಬಳಸಿದರೆ ಅದರ ಧೂಳು, ಬೀಟೆಯ ಧೂಳು ಕೂಡ ಶ್ವಾಸಕ್ಕೆ ಒಳ್ಳೆಯದಲ್ಲ. ಒಳ್ಳೆಯ ಮಾಸ್ಕ್ ಹಾಕಿ, ಕಲ್ಲನ್ನು ಒದ್ದೆ ಮಾಡಿ ಉಜ್ಜಿ, ಕಿಟಕಿ ತೆರೆದಿಡಿ. ಲೇತ್ ತಿರುಗುವಾಗ ಕೈಗವಸು ಬೇಡ, ಬಟ್ಟೆ ಚೂರೂ ಬೇಡ, ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸೂಪರ್‌ಗ್ಲೂ ಹತ್ತಿಗೆ ತಾಗಿದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಹಾಗಾಗಿ ಸವರಲು ಹತ್ತಿಬಟ್ಟೆ ಅಲ್ಲ, ಪೇಪರ್ ಟವೆಲ್ ತುಂಡು.

ಹೊಳಪಿಗೆ ಅದೇ ತೆಳು ಅಂಟಿನ ಎಂಟು ಹತ್ತು ಪದರ ಸವರಿ, ಪ್ರತಿಯೊಂದೂ ಒಣಗಿದ ಮೇಲೆ ಇನ್ನೊಂದು. ಆಮೇಲೆ ನೀರು ಹಾಕಿ 800ನೇ ನಂಬರಿನ ಉಪ್ಪುಕಾಗದದಿಂದ 2000ದ ತನಕ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್. ಒಳಮೈಗೂ ಪದರ ಬೇಕು, ಬೆವರು ಮೊದಲು ಹೊಕ್ಕುವುದು ಅಲ್ಲಿಂದಲೇ. ಆ ಪದರವೂ ಜಾಗ ತಿನ್ನುತ್ತದೆ, ಆದ್ದರಿಂದ ಸುತ್ತುವ ಕಡ್ಡಿ ತಂಗಿಯ ಬೆರಳಿನ ಅಳತೆಗಿಂತ 0.2 ಅಥವಾ 0.3 ಮಿ.ಮೀ. ದೊಡ್ಡದಿರಲಿ. ಬರೀ ಎಣ್ಣೆ ಸವರಿ ಬಿಡಬೇಡಿ, ದಿನಕ್ಕೆ ಹತ್ತು ಸಲ ನೀರು ಮುಟ್ಟುವ ಕೈಯಲ್ಲಿ ಅದು ನಿಲ್ಲುವುದಿಲ್ಲ.

ಇನ್ನು ಅಜ್ಜಿಯ ಹಲಗೆ. ಅದು ಒಂದೇ ಇದೆ, ಮತ್ತೆ ಸಿಗುವುದಿಲ್ಲ. ದಯವಿಟ್ಟು ಈಗಲೇ ಮುಟ್ಟಬೇಡಿ. ಮೊದಲು ಸಾಧಾರಣ ವಿನೀರ್‌ನಲ್ಲಿ ಎರಡೋ ಮೂರೋ ಉಂಗುರ ಮಾಡಿ, ಕಲ್ಲು ತುಂಬಿ, ಬೇಕೆಂದೇ ಒಂದನ್ನು ಮುರಿದು ಒಳಗೆ ಅಂಟು ತಳದ ತನಕ ಹೋಗಿದೆಯಾ ನೋಡಿ. ಹೋಗಿದ್ದರೆ ಹಲಗೆಯಿಂದ ಎಳೆಯುದ್ದಕ್ಕೆ 1 ಮಿ.ಮೀ. ದಪ್ಪದ ಪಟ್ಟಿ ಕೊಯ್ದು, ಹಳೆಯ ಪಾಲಿಶ್ ತೆಗೆದು, ಉಜ್ಜಿ 0.6ಕ್ಕೆ ತನ್ನಿ. ಹಳೆಯ ಮರ ಒಣಗಿ ಬಿರುಸಾಗಿರುತ್ತದೆ, ಒಳಗಿನ ಸಣ್ಣ ಸುತ್ತಿಗೆ ಅದು ಬಾಗದೆ ಹೋಗಬಹುದು. ಹಾಗಾಗಿ ಒಳಗಿನ ಎರಡು ಸುತ್ತು ಬೇರೆ ವಿನೀರ್ ಹಾಕಿ, ಹೊರಗಿನ ಎರಡು ಸುತ್ತು ಮಾತ್ರ ಅಜ್ಜಿಯ ಮರ. ಗ್ರೂವ್ 1 ಮಿ.ಮೀ. ಇಳಿಯುವುದು ಆ ಎರಡು ಸುತ್ತಿನಲ್ಲೇ, ಕಲ್ಲಿನ ಅಕ್ಕಪಕ್ಕ ಕಾಣುವುದೆಲ್ಲ ಆ ಮರವೇ. ಪಟ್ಟಿ ಕೊಯ್ಯುವಾಗ ಬೀಳುವ ಪುಡಿಯನ್ನು ಒಂದು ಡಬ್ಬಿಯಲ್ಲಿ ಎತ್ತಿಡಿ. ಅಂಚಿನಲ್ಲಿ ಎಲ್ಲಾದರೂ ಸಣ್ಣ ಸಂದು ಉಳಿದರೆ ತುಂಬಲು ಅದೇ ಬಣ್ಣದ ಪುಡಿ ಬೇಕಾಗುತ್ತದೆ.