ನೀಲಿ ಸಮುದ್ರವನ್ನು ನೋಡಿದವರು ಯಾರು?

ಪ್ರಿಯ ಗೆಳೆಯರೇ,

ಟ್ರ್ಯಾಪಿಸ್ಟ್-1 ನಕ್ಷತ್ರದ ಗ್ರಹಗಳ ಬಗ್ಗೆ ನೀವು ಕಳಿಸಿದ ‘ಎರಡನೇ ಭೂಮಿ ಸಿಕ್ಕಿತು’ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಸರಾಗವಾಗಿ ಓದಿಸಿಕೊಳ್ಳುತ್ತದೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಮೂರನೇ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ನಿಮ್ಮ ಸಾಲು ಇದು: ‘ವಿಜ್ಞಾನಿಗಳು ದೂರದರ್ಶಕದಲ್ಲಿ ನೋಡಿದಾಗ ಟ್ರ್ಯಾಪಿಸ್ಟ್-1ಇ ಗ್ರಹದ ನೀಲಿ ಸಮುದ್ರ ಫಳಫಳ ಹೊಳೆಯುತ್ತಿತ್ತು.’ ಯಾರು ನೋಡಿದರು? ಆ ಗ್ರಹವನ್ನು ಈವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ನೀವು ನೋಡಿದ್ದು ಕಲಾವಿದರು ಬಿಡಿಸಿದ ಚಿತ್ರ. ನಮಗೆ ಸಿಕ್ಕಿರುವುದು ನಕ್ಷತ್ರದ ಬೆಳಕು. ಸುಮಾರು 6 ದಿನಕ್ಕೊಮ್ಮೆ ಗ್ರಹ ಅದರ ಮುಂದೆ ಹಾದುಹೋಗುತ್ತದೆ. ಆಗ ಬೆಳಕು ಶೇಕಡಾ 1ಕ್ಕಿಂತ ಕಡಿಮೆ ಇಳಿದು, ಮತ್ತೆ ಏರುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಗ್ರಹದ ಗಾತ್ರ ಲೆಕ್ಕ ಹಾಕಿದರು. ಅಲ್ಲಿರುವ ಏಳು ಗ್ರಹಗಳು ಒಂದನ್ನೊಂದು ಎಳೆಯುವುದರಿಂದ ಹಾದುಹೋಗುವ ಹೊತ್ತು ತುಸು ಹಿಂದೆಮುಂದೆ ಆಗುತ್ತದೆ. ಅದರಿಂದ ತೂಕ ಕಂಡುಕೊಂಡರು. 40 ಜ್ಯೋತಿರ್ವರ್ಷ ದೂರದ, ಕಣ್ಣಿಗೇ ಬೀಳದ ಗ್ರಹವನ್ನು ಹೀಗೆ ತೂಗುವುದು ಎಂಥ ಸಾಹಸ ಅಲ್ವಾ! ಮೊದಲ ಸುಳಿವು ಸಿಕ್ಕಿದ್ದು ಚಿಲಿಯ ಲಾ ಸಿಲ್ಲಾದಲ್ಲಿರುವ, ಬರೀ 60 ಸೆಂಟಿಮೀಟರ್ ಕನ್ನಡಿಯ ದೂರದರ್ಶಕದಿಂದ. ಇದ್ಯಾವುದೂ ನಿಮ್ಮ ಲೇಖನದಲ್ಲಿಲ್ಲ.

ನಾನು ಪತ್ರಿಕೆಗೆ ಸೇರಿದ ಹೊಸತರಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತಿದ್ದೆ. ವಿಜ್ಞಾನದ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರು ಸಾಲುಗಳ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಹೇಗೆ ಗೊತ್ತು?’ ಎಂದು ಬರೆಯುತ್ತಿದ್ದರು. ಉತ್ತರ ಸಿಗದ ಸಾಲು ಅಚ್ಚಿಗೆ ಹೋಗುತ್ತಿರಲಿಲ್ಲ. 1995ರಲ್ಲಿ ಖಗೋಳವಿಜ್ಞಾನಿಗಳಾದ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಾಸಿ ನಕ್ಷತ್ರದ ಸುತ್ತ ಗ್ರಹ ಪತ್ತೆ ಮಾಡಿದರು. ಆ ಸುದ್ದಿ ಬರೆಯಲು ನಮ್ಮ ಹಿರಿಯರು ನನಗೆ ಹೇಳಿದರು, ಆದರೆ ಮೊದಲು ಕೂರಿಸಿಕೊಂಡು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಗ್ರಹದ ಎಳೆತಕ್ಕೆ ನಕ್ಷತ್ರವೂ ಓಲಾಡುತ್ತದೆ. ನಮ್ಮ ಕಡೆ ಬಂದಾಗ ಅದರ ಬೆಳಕು ತುಸು ನೀಲಿಯತ್ತ ಸರಿಯುತ್ತದೆ, ದೂರ ಹೋದಾಗ ಕೆಂಪಿನತ್ತ. ಅದು ತಲೆಗೆ ಹೋಗುವವರೆಗೂ ಅವರು ನನ್ನನ್ನು ಬಿಡಲಿಲ್ಲ. ಈ ವಿಷಯದ ಹುಚ್ಚು ನನಗೆ ಹಿಡಿದಿದ್ದು ಆವತ್ತೇ. ನಿಮ್ಮ ಓದುಗರಿಗೂ ಅದು ಹಿಡಿಯಲಿ ಅನ್ನುವ ಆಸೆಯಿಂದ ಇಷ್ಟು ಜಾಸ್ತಿ ಬರೆಯುತ್ತಿದ್ದೇನೆ.

ಇನ್ನೊಂದು ಸಾಲು: ‘ವಾಸಯೋಗ್ಯ ವಲಯದಲ್ಲಿ ಇರುವುದರಿಂದ ಅಲ್ಲಿ ನೀರಿದೆ, ಗಾಳಿಯಿದೆ, ಜೀವವೂ ಇರಲೇಬೇಕು.’ ಇದನ್ನು ಪೂರ್ತಿ ಹೊಡೆದುಹಾಕಿ. ವಾಸಯೋಗ್ಯ ವಲಯ ಅಂದರೆ ನಕ್ಷತ್ರದಿಂದ ತೀರಾ ಬಿಸಿಯೂ ತೀರಾ ತಂಪೂ ಆಗದಷ್ಟು ದೂರ. ಗ್ರಹ ಅಷ್ಟು ದೂರದಲ್ಲಿದ್ದರೆ, ಜೊತೆಗೆ ತಕ್ಕ ವಾತಾವರಣವೂ ಇದ್ದರೆ, ನೆಲದ ಮೇಲೆ ನೀರು ಹರಿಯಬಹುದು. ಅಷ್ಟೇ. ಆ ವಾತಾವರಣ ಇದೆಯೇ ಅನ್ನುವುದೇ ಈಗಿನ ಹುಡುಕಾಟ. ಟ್ರ್ಯಾಪಿಸ್ಟ್-1 ಒಂದು ಸಣ್ಣ ಕೆಂಪು ನಕ್ಷತ್ರ. ಆಗಾಗ ಅದರಿಂದ ಜ್ವಾಲೆಗಳು ಸಿಡಿಯುತ್ತವೆ, ಹತ್ತಿರದ ಗ್ರಹಗಳ ಗಾಳಿಯನ್ನು ಅವು ಕಿತ್ತೊಯ್ದಿರಬಹುದು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೀರಾ ಒಳಗಿನ ‘ಬಿ’ ಗ್ರಹದ ಶಾಖ ಅಳೆದಾಗ ದಟ್ಟ ವಾತಾವರಣದ ಗುರುತು ಸಿಗಲಿಲ್ಲ. ‘ಇ’ ಗ್ರಹದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ನಕ್ಷತ್ರದ ಮೇಲಿನ ಕಲೆಗಳು ಅಳತೆಯಲ್ಲಿ ಬೆರೆತುಕೊಂಡು ತೊಡಕು ಮಾಡುತ್ತಿವೆ. ಆ ತೊಡಕನ್ನೂ ಬರೆಯಿರಿ, ಓದುಗರು ಖಂಡಿತ ಓದುತ್ತಾರೆ.

ಮೂರನೇ ಪ್ಯಾರಾದಿಂದ ಮುಂದಕ್ಕೆ ಹೊಸದಾಗಿ ಬರೆದು ಕಳಿಸಿ. ಬೆಳಕು ಇಳಿದು ಏರುವ ಗ್ರಾಫನ್ನು ನೀವೇ ಕೈಯಲ್ಲಿ ಬಿಡಿಸಿ ಜೊತೆಗಿಡಿ. ಕಲಾವಿದರ ಚಿತ್ರದ ಬದಲು ಅದನ್ನೇ ದೊಡ್ಡದಾಗಿ ಹಾಕುತ್ತೇನೆ.