ನಿಮ್ಮ ಶರತ್ಕಾಲದ ಬರಹ ಓದಿದೆ, ನೇರವಾಗೇ ಹೇಳ್ತೀನಿ

ನಮಸ್ಕಾರ. ನೀವು ಕಳ್ಸಿದ "ಶರತ್ಕಾಲದಲ್ಲಿ ದೇವರ ಅದ್ಭುತ" ಎರಡು ಸಲ ಓದಿದೆ. ಈಗ ಇರೋ ಹಾಗೆ ನಮ್ಮ ಪತ್ರಿಕೇಲಿ ಹಾಕಕ್ಕಾಗಲ್ಲ. ಆದ್ರೆ ಒಳಗೊಂದು ಒಳ್ಳೇ ಬರಹ ಇದೆ, ಅದನ್ನ ನೀವೇ ಮುಚ್ಚಿಟ್ಟಿದೀರ, ಅದಕ್ಕೇ ಇಷ್ಟುದ್ದದ ಉತ್ತರ.

ಮೊದಲ ಪುಟ ಪೂರ್ತಿ "ಮನಮೋಹಕ", "ವರ್ಣನಾತೀತ". ವರ್ಣನಾತೀತ ಅಂದ್ಮೇಲೆ ಓದೋರಿಗೆ ಇನ್ನೇನು ಉಳೀತು? ನಿಮಗೆ ಬೆರಗಾಗಿದ್ದು ನಿಜ ಅಂತ ನಂಬ್ತೀನಿ, ಆದ್ರೆ ಏನು ನೋಡಿ ಬೆರಗಾಯ್ತು ಅನ್ನೋದು ನಾಲ್ಕನೇ ಪ್ಯಾರಾವರೆಗೂ ಬರಲ್ಲ. ಅಲ್ಲಿ ನೀವು ಒಂದು ಮೇಪಲ್ ಎಲೆ ಮುಟ್ತೀರ, ಎಳೀದೇನೇ ಕೈಗೆ ಬಂದ್ಬಿಡುತ್ತೆ, ತೊಟ್ಟಿದ್ದ ಜಾಗದಲ್ಲಿ ಸಣ್ಣ ಕಲೆ, ಅದರ ಮೇಲೇ ಸಾಸಿವೆಗಿಂತ ಸ್ವಲ್ಪ ದಪ್ಪಗೆ ಒಂದು ಮೊಗ್ಗು. ಇದು ಬರವಣಿಗೆ! ಮುಂದಿನ ವಸಂತದ ಮೊಗ್ಗು ಎಲೆ ಉದುರೋ ಮೊದಲೇ ರೆಡಿಯಾಗಿ ಕೂತಿರುತ್ತೆ, ಮರ ತಾನೇ ತೊಟ್ಟಿನ ಬುಡದಲ್ಲಿ ಪದರ ಕಟ್ಟಿ ಹಳೇ ಎಲೆ ಕಳಚ್ಕೊಳ್ಳುತ್ತೆ, ಗಾಳಿ ಬರೀ ನೆಪ. ಇಷ್ಟು ಚೆನ್ನಾಗಿ ನೋಡಿದೋರು ಮುಂದಿನ ಸಾಲಲ್ಲೇ "ಹೀಗೆಯೇ ನಾವೂ ಪುನರುತ್ಥಾನ ಹೊಂದುವೆವು" ಅಂತ ಉಪದೇಶಕ್ಕೆ ಹಾರಿಬಿಟ್ರಲ್ಲ, ಯಾಕಿಷ್ಟು ಅವಸರ? ಸತ್ತೋರು ಮತ್ತೆ ಎದ್ದು ಬರ್ತಾರೆ ಅನ್ನೋ ಆ ನಂಬಿಕೆ ಮೇಲೆ ನನ್ನ ತಕರಾರಿಲ್ಲ. ಮೊಗ್ಗನ್ನ ಇನ್ನೊಂದು ನಿಮಿಷ ನೋಡಕ್ಕೆ ಬಿಡಿ ನಮ್ಮನ್ನ ಅಷ್ಟೇ. ಬೈಬಲಿನ ಮತ್ತಾಯ 6ರಲ್ಲಿ ಯೇಸು ಕೂಡ ಅಡವಿಯ ಹೂ ಹೇಗೆ ಬೆಳೆಯುತ್ತೆ ನೋಡಿ ಅಂತ ಮೊದಲು ನೋಡಕ್ಕೆ ಹೇಳ್ತಾನೆ, ಪಾಠ ಆಮೇಲೆ.

"ಈ ಬಣ್ಣದ ಗುಟ್ಟು ವಿಜ್ಞಾನಕ್ಕೆ ತಿಳಿದಿಲ್ಲ" ಅಂದಿದೀರ, ತಪ್ಪು. ಹಗಲು ಚಿಕ್ಕದಾಗ್ತಾ ಚಳಿ ಏರ್ತಾ ಬಂದ ಹಾಗೆ ಎಲೆಗೆ ಹಸಿರು ಕೊಡೋ ಕ್ಲೋರೋಫಿಲ್ ಒಡೆದು ಹೋಗುತ್ತೆ, ಹಳದಿ ಕೊಡೋ ಕ್ಯಾರೊಟಿನಾಯ್ಡ್ ಬೇಸಿಗೆ ಪೂರ್ತಿ ಹಸಿರಿನ ಅಡೀಲೇ ಇತ್ತು, ಈಗ ಕಣ್ಣಿಗೆ ಬೀಳುತ್ತೆ. ಕೆಂಪಿನ ಆಂಥೋಸಯಾನಿನ್ ಮಾತ್ರ ಬಹುಪಾಲು ಆ ಕೊನೇ ವಾರಗಳಲ್ಲೇ ಹೊಸದಾಗಿ ತಯಾರಾಗೋದು. ಬಿದ್ದೋಗೋ ಎಲೆಗೆ ಮರ ಯಾಕಿಷ್ಟು ಖರ್ಚು ಮಾಡುತ್ತೆ ಅಂತ ಇನ್ನೂ ವಾದ ನಡೀತಾನೇ ಇದೆ. ಗೊತ್ತಿಲ್ಲದ ಜಾಗದಲ್ಲಿ ಮಾತ್ರ ದೇವರನ್ನ ಕೂರಿಸಿದ್ರೆ ಯಾರೋ ಕಂಡುಹಿಡಿದ ದಿನ ನಿಮ್ಮ ಬೆರಗೂ ಖಾಲಿ. 1874ರಲ್ಲಿ ಕೇಂಬ್ರಿಡ್ಜ್‌ನಲ್ಲಿ ತೆರೆದ ಕ್ಯಾವೆಂಡಿಶ್ ಅನ್ನೋ ಭೌತಶಾಸ್ತ್ರದ ಲ್ಯಾಬಿನ ಬಾಗಿಲ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದೇ ಕೀರ್ತನೆ 111:2, ದೇವರ ಕೆಲಸಗಳು ದೊಡ್ಡವು, ಅದರಲ್ಲಿ ಖುಷಿಪಡೋರು ಅದನ್ನ ಹುಡುಕಿ ತಿಳ್ಕೋತಾರೆ ಅನ್ನೋ ಅರ್ಥದ್ದು. ಅಲ್ಲಿನ ಮೊದಲ ಪ್ರೊಫೆಸರ್, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕೂಡ ದೇವಭಕ್ತರೇ.

ಯೆಶಾಯ 64:6ರ ಬಾಡಿದ ಎಲೆಯನ್ನ ಚಂದಕ್ಕೆ ಅಂತ ತಂದಿದೀರ, ಪೂರ್ತಿ ವಚನ ಓದಿ, ಅದು ಪಾಪದ ಗೋಳು. ಬೈಬಲಿನ ನಾಡಿನ ಶರತ್ಕಾಲವೇ ಬೇರೆ, ತಿಂಗಳುಗಟ್ಲೆ ಮಳೆ ಇಲ್ದೆ ಗಟ್ಟಿಯಾದ ನೆಲಕ್ಕೆ ಅಕ್ಟೋಬರ್ ಹೊತ್ತಿಗೆ ಮೊದಲ ಮಳೆ ಬೀಳುತ್ತೆ, ಆಮೇಲೆ ಉಳೋದು ಬಿತ್ತೋದು. ಯಾಕೋಬ 5:7ರ ರೈತ ಕಾಯೋ ಮೊದಲ ಮಳೆ ಇದೇ. ನಿಮಗೆ ಬೇಕಿದ್ದ ವಚನ ಇದಿರಬಹುದು.

ಇನ್ನೊಂದು, "ಇದನ್ನು ಲೌಕಿಕ ಸುಖವೆಂದು ಭಾವಿಸಬೇಡಿ" ಅಂತ ಪದೇ ಪದೇ ಕ್ಷಮೆ ಕೇಳ್ತೀರಲ್ಲ, ಯಾರ ಹತ್ರ? ಯಾಜಕಕಾಂಡ 23ರಲ್ಲಿ ಪರ್ಣಶಾಲೆಗಳ ಹಬ್ಬ ಬರೋದೇ ಫಸಲು ಕೂಡಿಸಿಟ್ಟ ಮೇಲೆ, ಶರತ್ಕಾಲದಲ್ಲೇ, ಯೆಹೂದ್ಯರ ಪಂಚಾಂಗದ ಏಳನೇ ತಿಂಗಳ 15ರಿಂದ, ಸೊಪ್ಪಿನ ಕೊಂಬೆ ತಗೊಂಡು ಏಳು ದಿನ ದೇವರ ಮುಂದೆ ಸಂತೋಷಪಡಿ ಅಂತ ಆಜ್ಞೆ ಇದೆ. ಖುಷಿಪಟ್ಟಿದ್ದನ್ನ ಖುಷಿಯಿಂದ್ಲೇ ಬರೀರಿ. ದೆವ್ವದ ವೇಷ ಹಾಕೋ ಹ್ಯಾಲೋವೀನ್ ಹಬ್ಬ ಬೈಯೋ ಪ್ಯಾರಾ ತೆಗೀರಿ, ಅದು ಬೇರೆ ಜಗಳ.

ಕೊನೆಗೆ ಬ್ರಾಕೆಟ್ಟಲ್ಲಿ ಬಚ್ಚಿಟ್ಟಿರೋ ಆ ಸಾಲು, "ಕೆಲವು ವರ್ಷಗಳಿಂದ ಪ್ರಾರ್ಥನೆ ಬಾಯಿಪಾಠವಾಗಿತ್ತು" ಅಂತ. ಅಲ್ಲಿಂದ ಶುರು ಮಾಡಿ. ಅಂಥ ಪ್ರಾರ್ಥನೆ ಮಾಡ್ಕೊಂಡು, ಯಾರಿಗೂ ಹೇಳಕ್ಕಾಗದೇ ಚರ್ಚಿಗೆ ಹೋಗಿ ಬರೋರು ನಮ್ಮ ಓದುಗರಲ್ಲಿ ಇದ್ದೇ ಇರ್ತಾರೆ. ಮೊಗ್ಗು ನೋಡಿದ ದಿನ ರಾತ್ರಿ ಪ್ರಾರ್ಥನೇಲಿ ಏನಾದ್ರೂ ಬೇರೆ ಆಯ್ತಾ? ಏನೂ ಆಗ್ಲಿಲ್ಲ ಅಂದ್ರೂ ಹಾಗೇ ಬರೀರಿ, ಬಣ್ಣ ಹಚ್ಬೇಡಿ.

ಅರ್ಧಕ್ಕೆ ಇಳಿಸಿ, ವಚನ ಎರಡು ಸಾಕು, ಹೆಡ್ಡಿಂಗಿಂದ "ಅದ್ಭುತ" ತೆಗೀರಿ. ಪುನರುತ್ಥಾನದ ಮಾತು ಬೇಕೇ ಬೇಕು ಅನ್ಸಿದ್ರೆ ಇಟ್ಕೊಳ್ಳಿ, ಮೊಗ್ಗಿನಿಂದ ಅಲ್ಲಿಗೆ ಹೇಗೆ ಹೋದ್ರಿ ಅನ್ನೋ ದಾರಿ ಮಾತ್ರ ತೋರ್ಸಿ. ಈ ಸೀಸನ್ ಮುಗಿಯೋಷ್ಟರಲ್ಲಿ ಕಳ್ಸಿದ್ರೆ ಈ ಸಲಾನೇ ಹಾಕಕ್ಕೆ ನೋಡ್ತೀನಿ.